ಧೂಪದ ಹನಿಯೊಳಗಿನ ಇರುವೆ

ಎಲ್ಲರಿಗೂ ನಮಸ್ಕಾರ. ಕಕ್ಕಡದ ಈ ಮಳೆಯಲ್ಲೂ ವಿರಾಜಪೇಟೆಯವರೆಗೆ ಬಂದು ಕೂತಿದ್ದೀರಿ. ಮಾಕುಟ್ಟದ ಕಡೆಯಿಂದ ಬಂದವರೂ ಇದ್ದೀರಿ ಎಂದು ಈಗಷ್ಟೇ ಗೊತ್ತಾಯಿತು. ತುಂಬ ಸಂತೋಷ, ಯಾಕೆಂದರೆ ನನ್ನ ಮಾತು ಕೊನೆಗೆ ಹೋಗಿ ನಿಲ್ಲುವುದು ನಿಮ್ಮ ಕಾಡಿನಲ್ಲೇ.

ಈ ಮೇಜಿನ ಮೇಲೆ ಎರಡು ಪುಟ್ಟ ಡಬ್ಬಿಗಳಿವೆ. ಒಂದರಲ್ಲಿರುವುದು ಬಾಲ್ಟಿಕ್ ಸಮುದ್ರತೀರದ ಅಂಬರ್, ಅಂದರೆ ಬಹುಕಾಲ ನೆಲದಲ್ಲಿ ಹುದುಗಿ ಗಟ್ಟಿಯಾದ ಮರದ ಅಂಟು, ಹುಣಸೆ ಬೀಜದಷ್ಟು ದೊಡ್ಡದು. ಇನ್ನೊಂದರಲ್ಲಿರುವುದು ನನ್ನ ಅಜ್ಜಿಯ ಧೂಪದ ಡಬ್ಬಿಯಲ್ಲಿ ಸಿಕ್ಕ ತುಂಡು. ಎರಡರೊಳಗೂ ಒಂದೊಂದು ಇರುವೆ ಇದೆ. ಒಂದು ಇರುವೆ ಸತ್ತು ನಾಲ್ಕು ಕೋಟಿ ವರ್ಷದ ಆಸುಪಾಸು. ಇನ್ನೊಂದು ಹೆಚ್ಚೆಂದರೆ ನನ್ನ ಅಜ್ಜಿಯ ಕಾಲದ್ದು. ಬರಿಗಣ್ಣಿಗೆ ಯಾವುದು ಯಾವುದೆಂದು ಹೇಳುವುದು ಕಷ್ಟ. ನನ್ನನ್ನು ಅಂಬರ್ ಸಂಗ್ರಹಿಸುವ ಹವ್ಯಾಸಕ್ಕೆ ಎಳೆದದ್ದು ಈ ಕಷ್ಟವೇ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಂಬರ್ ಎಂದ ಕೂಡಲೇ ಪೇಪರಿನಲ್ಲಿ ಬರುವ ತಿಮಿಂಗಿಲ ವಾಂತಿ ನೆನಪಾಗುತ್ತದೆ. ಅದು ಅಂಬರ್‌ಗ್ರೀಸ್. ಅದರ ವ್ಯಾಪಾರ ನಮ್ಮ ದೇಶದಲ್ಲಿ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅರಬ್ಬಿಯ ‘ಅಂಬರ್’ ಪದ ಮೊದಲು ಇದ್ದದ್ದು ಅದಕ್ಕೇ, ಮರದ ಅಂಟಿಗೆ ಆಮೇಲೆ ಅಂಟಿಕೊಂಡಿತು. ನಾನು ಹೇಳುತ್ತಿರುವುದು ಮರದ ಅಂಟಿನ ವಿಷಯ. ಇದಕ್ಕೆ ಸಂಸ್ಕೃತದಲ್ಲಿ ತೃಣಮಣಿ ಎಂಬ ಚಂದದ ಹೆಸರಿದೆ: ಬಟ್ಟೆಗೆ ಉಜ್ಜಿದರೆ ಹುಲ್ಲಿನ ಕಡ್ಡಿಯನ್ನು ಎಳೆದುಕೊಳ್ಳುವ ಮಣಿ. ಪಾರ್ಸಿಯ ಕಹರುಬಾ ಎಂಬ ಹೆಸರಿಗೂ ಹುಲ್ಲು ಕದಿಯುವುದು ಎಂದೇ ಅರ್ಥ. ಗ್ರೀಕರು ಇದನ್ನು ಎಲೆಕ್ಟ್ರಾನ್ ಎಂದರು, ನಮ್ಮ ಮನೆಯ ಕರೆಂಟಿನ ಇಂಗ್ಲಿಷ್ ಹೆಸರು ಹುಟ್ಟಿದ್ದು ಅಲ್ಲಿಂದ.

ಮರಕ್ಕೆ ಗಾಯವಾದಾಗ ಅಂಟು ಒಸರುತ್ತದೆ. ಗಾಯ ಮುಚ್ಚಲಿಕ್ಕೆ, ಕೊರೆಯುವ ಹುಳುವನ್ನು ತಡೆಯಲಿಕ್ಕೆ. ಆ ಹನಿಯ ಮೇಲೆ ಇನ್ನೊಂದು ಹನಿ ಇಳಿಯುತ್ತದೆ, ನಡುವೆ ಒಂದು ನೊಣವೋ ಇರುವೆಯೋ ಸಿಕ್ಕಿಬೀಳುತ್ತದೆ. ಬಿದ್ದ ಅಂಟು ಗಾಳಿ ಬಿಸಿಲಿಗೆ ಸಿಕ್ಕರೆ ಪುಡಿಯಾಗಿ ಹೋಗುತ್ತದೆ. ಕೆಸರಿನಲ್ಲಿ, ನದೀಮುಖದ ಹೂಳಿನಲ್ಲಿ, ಆಮ್ಲಜನಕ ತಾಗದ ಕಡೆ ಹುದುಗಿದರೆ ಅದರೊಳಗಿನ ಹಾರಿಹೋಗುವ ಎಣ್ಣೆಗಳು ನಿಧಾನವಾಗಿ ಹೋಗಿ, ಉಳಿದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಈ ಕೆಲಸ ಅರ್ಧಕ್ಕೇ ಇದ್ದರೆ ಕೋಪಾಲ್, ಪೂರ್ತಿ ಮಾಗಿದರೆ ಅಂಬರ್.

ಸಂಗ್ರಹಕಾರರು ಮುಖ್ಯವಾಗಿ ಹುಡುಕುವುದು ನಾಲ್ಕಾರು ಕಡೆಯದನ್ನು. ಬಾಲ್ಟಿಕ್‌ನದು ಮೂರೂವರೆಯಿಂದ ನಾಲ್ಕೂವರೆ ಕೋಟಿ ವರ್ಷದ್ದು. ಡೊಮಿನಿಕನ್ ಗಣರಾಜ್ಯದ್ದು ಒಂದೂವರೆಯಿಂದ ಎರಡು ಕೋಟಿ. ಬರ್ಮಾದ ಕಚಿನ್ ಪ್ರಾಂತ್ಯದ್ದು ಸುಮಾರು 9.9 ಕೋಟಿ, ಡೈನೊಸಾರ್‌ಗಳು ಓಡಾಡುತ್ತಿದ್ದ ಕಾಲ. ಮತ್ತೆ ನಮ್ಮದೇ ಗುಜರಾತಿನದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಪರೂಪ ಎಂದರೆ ಯಾವುದು? ಹೊಸಬರೆಲ್ಲ ಮೊದಲು ಕೇಳುವುದು ಚೇಳು, ಹಲ್ಲಿ. ನಾನೂ ಅದನ್ನೇ ಕೇಳಿದ್ದೆ. ವರ್ಷಗಳ ಹಿಂದೆ ದೊಡ್ಡ ಊರಿನ ಒಂದು ಮಳಿಗೆಯಲ್ಲಿ ಚೇಳಿರುವ ತುಂಡೊಂದನ್ನು ಕೊಂಡೆ. ಆ ವರ್ಷದ ಕಾಳುಮೆಣಸಿನ ದುಡ್ಡಿನಲ್ಲಿ ಒಳ್ಳೆಯ ಪಾಲೇ ಅದಕ್ಕೆ ಹೋಯಿತು. ಚೇಳು ನಟ್ಟನಡುವೆ, ಎಂಟೂ ಕಾಲು ಚಾಚಿ, ಬಾಲ ಎತ್ತಿ ಕೂತಿತ್ತು. ಮನೆಗೆ ತಂದು ಗಾಜಿನ ಲೋಟದಲ್ಲಿ ಉಪ್ಪು ಕರಗುವಷ್ಟು ಕರಗಿಸಿ ಅದರಲ್ಲಿ ಬಿಟ್ಟೆ. ನಿಜವಾದ ಅಂಬರ್ ನೀರಿಗಿಂತ ಕೊಂಚವೇ ಭಾರ, ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ನನ್ನ ಚೇಳು ನೆಟ್ಟಗೆ ತಳ ಸೇರಿತು. ಕಾಯಿಸಿದ ಸೂಜಿ ಒತ್ತಿದರೆ ಧೂಪದ ವಾಸನೆ ಬರಬೇಕಿತ್ತು, ಬಂದದ್ದು ಸುಟ್ಟ ಪ್ಲಾಸ್ಟಿಕ್ ವಾಸನೆ. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅಂಟಿಗೆ ಸಿಕ್ಕಿದ ಜೀವ ಒದ್ದಾಡುತ್ತದೆ. ಕಾಲು ಮಡಚಿರುತ್ತದೆ, ರೆಕ್ಕೆ ಒಂದು ಕಡೆ ಎಳೆದಿರುತ್ತದೆ, ಪಕ್ಕದಲ್ಲಿ ಗಾಳಿಗುಳ್ಳೆ ಇರುತ್ತದೆ. ಫೋಟೋಗೆ ನಿಂತಂತೆ ಯಾವ ಚೇಳೂ ಸಾಯುವುದಿಲ್ಲ. ಅಂದಿನಿಂದ ನಾನು ಒಳಗಿನ ಪ್ರಾಣಿಯನ್ನು ನೋಡುವ ಮೊದಲು ಅದರ ಸುತ್ತಲಿನದನ್ನು ನೋಡುತ್ತೇನೆ.

ಮೋಸ ಹೋಗುವುದು ನಮ್ಮಂಥವರು ಮಾತ್ರ ಎಂದುಕೊಳ್ಳಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಬಾಲ್ಟಿಕ್ ಅಂಬರ್‌ನೊಳಗಿನ ಒಂದು ನೊಣವಿತ್ತು. ಹತ್ತೊಂಬತ್ತನೇ ಶತಮಾನದ ಸಂಗ್ರಹದ್ದು, 1922ರಲ್ಲಿ ಮ್ಯೂಸಿಯಂ ಸೇರಿತ್ತು. ಇವತ್ತಿನ ಕಕ್ಕಸು ನೊಣದ ಜಾತಿಯೇ ಅದು. 1966ರಲ್ಲಿ ದೊಡ್ಡ ಕೀಟಶಾಸ್ತ್ರಜ್ಞ ವಿಲ್ಲಿ ಹೆನ್ನಿಗ್ ಅದನ್ನು ನೋಡಿ, ಈ ನೊಣ ಕೋಟ್ಯಂತರ ವರ್ಷ ಬದಲಾಗದೆ ಉಳಿದಿದೆ ಎಂದು ನಂಬಿದರು. 1993ರಲ್ಲಿ ಜೀವಾಶ್ಮ ತಜ್ಞ ಆಂಡ್ರ್ಯೂ ರಾಸ್ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದಾಗ, ದೀಪದ ಕಾವಿಗೆ ನೊಣದ ಸುತ್ತ ಒಂದು ಬಿರುಕು ಕಾಣಿಸಿತು. ಯಾರೋ ಅಸಲಿ ಅಂಬರನ್ನೇ ಎರಡು ಹೋಳು ಮಾಡಿ, ಒಳಗೆ ಕೊರೆದು, ಆಗಷ್ಟೇ ಸತ್ತ ನೊಣ ಇಟ್ಟು ಮುಚ್ಚಿದ್ದರು. ಉಪ್ಪುನೀರಿನ ಪರೀಕ್ಷೆಯಲ್ಲಿ ಇಂಥದ್ದು ಸಿಕ್ಕಿಬೀಳುವುದಿಲ್ಲ. ಅಂಟಿನ ಪದರ ನೋಡಬೇಕು, ಬದಿಯ ಗೆರೆ ನೋಡಬೇಕು.

ಹಾಗಾದರೆ ನಿಜವಾದ ಅಪರೂಪ ಹೇಗಿರುತ್ತದೆ? 2015ರಲ್ಲಿ ಚೀನಾದ ಶಿಂಗ್ ಲಿಡಾ ಎಂಬ ಜೀವಾಶ್ಮ ತಜ್ಞರು ಬರ್ಮಾದ ಮಿಚಿನಾ ಊರಿನ ಅಂಬರ್ ಸಂತೆಗೆ ಹೋಗಿದ್ದರು. ಅಲ್ಲೊಂದು ತುಂಡನ್ನು ಒಡವೆಗೆಂದು ಆಗಲೇ ತೇದು ಹೊಳಪು ಕೊಟ್ಟಿದ್ದರು. ಒಳಗಿರುವುದು ಗಿಡದ ಎಳೆ ಎಂದು ಮಾರುವವರ ತಿಳಿವಳಿಕೆ. ಅದು ಗರಿಗಳಿದ್ದ ಪುಟ್ಟ ಡೈನೊಸಾರ್‌ನ ಬಾಲವಾಗಿತ್ತು. ಎಂಟು ಮೂಳೆಯ ಗಂಟುಗಳು, ಸುತ್ತ ಕಂದು ಗರಿ. ಮರುವರ್ಷ ಪ್ರಕಟಣೆಯಾಗಿ ಲೋಕವೆಲ್ಲ ಬೆರಗಾಯಿತು. ನನ್ನನ್ನು ಕಾಡುವುದು ಅದರ ತೇದುಹೋದ ಭಾಗ. ಆ ಧೂಳಿನಲ್ಲಿ ಏನೇನು ಹೋಯಿತೋ.

ಬರ್ಮಾದ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ಕಚಿನ್‌ನ ಗಣಿಗಳ ಸುತ್ತ ಬಹಳ ಕಾಲದಿಂದ ಯುದ್ಧ ನಡೆದಿದೆ. 2017ರಲ್ಲಿ ಸೇನೆ ಆ ಪ್ರದೇಶವನ್ನು ಹಿಡಿತಕ್ಕೆ ತೆಗೆದುಕೊಂಡಿತು, ಜನ ಊರು ಬಿಟ್ಟರು. ಅಲ್ಲಿನ ಕಾನೂನಿನಂತೆ ಜೀವಾಶ್ಮವನ್ನು ದೇಶದ ಹೊರಗೆ ಒಯ್ಯುವಂತಿಲ್ಲ, ಆದರೆ ಅಂಬರ್ ಒಡವೆಯ ಕಲ್ಲಿನ ಲೆಕ್ಕದಲ್ಲಿ ಹೊರಗೆ ಹೋಗಿಬಿಡುತ್ತದೆ. 2020ರಲ್ಲಿ ಕಶೇರುಕ ಜೀವಾಶ್ಮ ತಜ್ಞರ ಅಂತಾರಾಷ್ಟ್ರೀಯ ಸಂಘವೇ, ಈ ಅಂಬರ್ ಮೇಲಿನ ಸಂಶೋಧನೆಗಳ ಪ್ರಕಟಣೆಯನ್ನು ಸದ್ಯಕ್ಕೆ ತಡೆಯಿರಿ ಎಂದು ಪತ್ರಿಕೆಗಳಿಗೆ ಬರೆಯಿತು. ಬರ್ಮಾದ ತುಂಡನ್ನು ನಾನು ಕೊಳ್ಳುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ 9.9 ಕೋಟಿ ವರ್ಷದ್ದು ಒಂದೂ ಇಲ್ಲ. ಅದರ ಬಗ್ಗೆ ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ, ಬಹಳ ಆಸೆ ಇದೆ. ಆದರೂ ಬೇಡ.

ಈಗ ಗುಜರಾತಿಗೆ ಬರೋಣ, ಅಲ್ಲಿಂದ ಮನೆಗೆ ದಾರಿ ಹತ್ತಿರ. ಸೂರತ್ ಜಿಲ್ಲೆಯ ವಾಸ್ತಾನ್, ತಡಕೇಶ್ವರ್ ಎಂಬಲ್ಲಿ ಲಿಗ್ನೈಟ್ ಎಂಬ ಕಲ್ಲಿದ್ದಲಿನ ಗಣಿಗಳಿವೆ. ಆ ಕಪ್ಪು ಪದರದಲ್ಲಿ ಹಳದಿ ಬೆಣಚಿನಂಥ ಅಂಬರ್ ತುಂಡುಗಳು ಸಿಗುತ್ತವೆ. ವಯಸ್ಸು ಸುಮಾರು 5 ಕೋಟಿ ವರ್ಷ. ಭಾರತದ ಭೂಭಾಗ ದಕ್ಷಿಣದಿಂದ ತೇಲುತ್ತಾ ಬಂದು ಏಷ್ಯಾಕ್ಕೆ ತಾಗುತ್ತಿದ್ದ ಹೊತ್ತು ಅದು. ಯೆಸ್ ರುಸ್ಟ್, ಡೇವಿಡ್ ಗ್ರಿಮಾಲ್ಡಿ, ನಮ್ಮವರೇ ಆದ ಹುಕಂ ಸಿಂಗ್, ಅಶೋಕ್ ಸಾಹ್ನಿ ಮುಂತಾದವರು ಸೇರಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಹೊತ್ತಿಗೇ ನೂರಕ್ಕೂ ಹೆಚ್ಚು ಜಾತಿಯ ಕೀಟ, ಜೇಡಗಳು ಸಿಕ್ಕಿದ್ದವು. ಅಷ್ಟು ಕಾಲ ಸಮುದ್ರದ ನಡುವೆ ಒಂಟಿಯಾಗಿದ್ದ ನೆಲದಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳೇ ತುಂಬಿರಬೇಕು ಎಂದು ಎಲ್ಲರ ಊಹೆ. ಸಿಕ್ಕವು ನೋಡಿದರೆ ಯುರೋಪಿನ, ಆಸ್ಟ್ರೇಲಿಯಾ ಕಡೆಯ, ಅಮೆರಿಕದ ಉಷ್ಣವಲಯದ ಕೀಟಗಳ ನೆಂಟರು! ಒಂಟಿ ನೆಲ ನಾವು ಎಣಿಸಿದಷ್ಟು ಒಂಟಿಯಾಗಿರಲಿಲ್ಲ.

ಆ ಅಂಟು ಸುರಿಸಿದ ಮರ ಯಾವುದು? ಅಂಬರ್‌ನ ರಸಾಯನವನ್ನೂ ಜೊತೆಯ ಪಳೆಯುಳಿಕೆ ಮರವನ್ನೂ ನೋಡಿ ತಜ್ಞರು ಹೇಳಿದ್ದು: ಡಿಪ್ಟೆರೋಕಾರ್ಪ್ ಕುಟುಂಬ. ಹೆಸರು ದೂರದ್ದು, ಮರ ಹತ್ತಿರದ್ದು. ನಮ್ಮ ಸಾಲುಧೂಪ ಆ ಕುಟುಂಬದ್ದು. ನಮ್ಮ ಕಿರಾಲುಬೋಗಿ ಆ ಕುಟುಂಬದ್ದು. ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಎರಡೂ ಕಡೆ ಕಂಬದಂತೆ ನೆಟ್ಟಗೆ ಎದ್ದು ನಿಂತ ಮರಗಳಲ್ಲಿ ಆ ಕುಟುಂಬದವು ಎಷ್ಟೋ. (ಕರಿಧೂಪ ಬೇರೆ ಕುಟುಂಬದ ಮರ, ಅದನ್ನು ಇದರೊಡನೆ ಸೇರಿಸಬೇಡಿ.) 5 ಕೋಟಿ ವರ್ಷದ ಹಿಂದೆ ಗುಜರಾತಿನಲ್ಲಿದ್ದ ಕಾಡಿನ ಬಳಗ ಈಗಲೂ ನಿಂತಿರುವ ಜಾಗಗಳಲ್ಲಿ ನಮ್ಮ ಘಟ್ಟವೂ ಒಂದು.

ಕೊಡಗಿನ ನೆಲದಲ್ಲಿ ಅಂಬರ್ ಸಿಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಸಿಗುವುದಿಲ್ಲ. ನಮ್ಮ ಕಾಲಡಿಯ ಬಂಡೆ 300 ಕೋಟಿ ವರ್ಷದಷ್ಟು ಹಳೆಯದು, ಭೂಮಿಯ ಆಳದಲ್ಲಿ ಬೆಂದು ಬಂದದ್ದು. ಅದು ಹುಟ್ಟಿದಾಗ ಮರವೂ ಇರಲಿಲ್ಲ, ಇರುವೆಯೂ ಇರಲಿಲ್ಲ. ನಮ್ಮಲ್ಲಿರುವುದು ಅಂಬರ್ ಹುಟ್ಟುವ ಮೊದಲ ಗಳಿಗೆ. ಅದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಬೇಸಗೆಯಲ್ಲಿ, ರಸ್ತೆ ಬದಿಯ ಸಾಲುಧೂಪದ ತೊಗಟೆಯ ಸೀಳಿನಿಂದ ತುಪ್ಪದ ಬಣ್ಣದ ಹನಿ ಇಳಿದಿತ್ತು. ಒಂದು ಇರುವೆ ಅದರ ಅಂಚಿನಲ್ಲಿ ಹೋಗುವಾಗ ಹಿಂಗಾಲು ಅಂಟಿತು. ಎಳೆದುಕೊಂಡಿತು. ಎಳೆದ ರಭಸಕ್ಕೆ ನಡುಗಾಲೂ ಅಂಟಿತು. ಹೊಟ್ಟೆಯ ಪಕ್ಕ ಒಂದು ಗುಳ್ಳೆ ಎದ್ದಿತು, ನನ್ನ ಬಾಲ್ಟಿಕ್ ತುಂಡಿನಲ್ಲಿರುವ ಗುಳ್ಳೆಯಂಥದೇ, ಅದೇ ಜಾಗದಲ್ಲಿ. ನಾನು ಅರ್ಧ ಗಂಟೆ ನಿಂತೆ. ಆಮೇಲೆ ಆ ಇರುವೆ ಮೀಸೆ ಮಾತ್ರ ಆಡಿಸುತ್ತಿತ್ತು.

ಅಲ್ಲೇ ಪಕ್ಕದಲ್ಲಿ ಮುಜಂಟಿ ಜೇನುಗಳು ಬಂದು ಅದೇ ಅಂಟನ್ನು ಹಿಂಗಾಲಿಗೆ ಮೆತ್ತಿಕೊಂಡು ಹಾರುತ್ತಿದ್ದವು. ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಅವುಗಳ ಗೂಡಿನ ಅಂಟು ಕೊಳವೆ ನೋಡಿರುತ್ತೀರಿ. ಮರದ ಅಂಟಿಗೆ ಮೇಣ ಬೆರೆಸಿಯೇ ಅವು ಗೂಡು ಕಟ್ಟುವುದು. ಡೊಮಿನಿಕನ್ ಅಂಬರ್‌ನಲ್ಲಿ ಈ ಮುಳ್ಳಿಲ್ಲದ ಜೇನಿನ ಹಳೆಯ ನೆಂಟರು ರಾಶಿ ರಾಶಿ ಸಿಗುವುದಕ್ಕೆ ಕಾರಣ ಇದೇ: ಅವು ಅಂಟನ್ನು ಹುಡುಕಿಕೊಂಡು ಹೋಗಿ ಸತ್ತವು. ಗುಜರಾತಿನ ಅಂಬರ್‌ನಲ್ಲೂ ಹಿಂಗಾಲಿನಲ್ಲಿ ಪರಾಗದ ಬುಟ್ಟಿ ಇರುವ ಜೇನುಗಳು ಸಿಕ್ಕಿವೆ. ಸಂಗ್ರಹಕಾರರು ಜೇನು ಎಂದರೆ ಸಾಮಾನ್ಯದ್ದು ಎಂದು ಪಕ್ಕಕ್ಕಿಡುತ್ತಾರೆ. ಕಾಲಿನಲ್ಲಿ ಅಂಟಿನ ಉಂಡೆ ಹಿಡಿದುಕೊಂಡೇ ಸತ್ತ ಜೇನು ನನ್ನ ಕಣ್ಣಿಗೆ ಯಾವ ಚೇಳಿಗಿಂತಲೂ ಅಪರೂಪ, ಯಾಕೆಂದರೆ ಅದು ಏನು ಮಾಡುತ್ತಿತ್ತು ಎಂದು ನಮಗೆ ಗೊತ್ತು.

ಗುಜರಾತಿನ ಅಂಬರ್‌ಗೆ ಇನ್ನೊಂದು ಗುಣವಿದೆ. ಅಂಬರೋ ಕೋಪಾಲೋ ಎಂದು ತಿಳಿಯಲು ಒಂದು ಹನಿ ಅಸಿಟೋನ್ ಹಾಕಿ ನೋಡುವುದು ರೂಢಿ. ಅಂಟಿದರೆ ಕೋಪಾಲ್, ಅಂಟದಿದ್ದರೆ ಅಂಬರ್. ಗುಜರಾತಿನದು 5 ಕೋಟಿ ವರ್ಷದ್ದಾದರೂ ಟಾಲ್ವೀನ್‌ನಂಥ ದ್ರಾವಕದಲ್ಲಿ ಕರಗಿಬಿಡುತ್ತದೆ. ಅದರ ಅಣುಗಳ ಕೊಂಡಿ ಅಷ್ಟು ಸಡಿಲ. ಧೂಪವನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿ ವಾರ್ನಿಷ್ ಮಾಡಿದವರಿಗೆ ಇದು ಆಶ್ಚರ್ಯವಲ್ಲ, ಕುಲದ ಗುಣ. ವಿಜ್ಞಾನಿಗಳು ಅಂಬರನ್ನು ಕರಗಿಸಿ ಇಡೀ ಕೀಟವನ್ನೇ ಹೊರಗೆ ತೆಗೆದಿದ್ದಾರೆ, ಚರ್ಮದ ಸೂಕ್ಷ್ಮ ಗೆರೆಗಳೂ ಅಳಿಯದಂತೆ. ಹೀಗಾಗಿ ಪರೀಕ್ಷೆ ಯಾವುದೇ ಇರಲಿ, ತುಂಡು ಎಲ್ಲಿಯದೆಂದು ಗೊತ್ತಿಲ್ಲದೆ ಉತ್ತರ ಹೇಳಲಾಗದು.

ಅದಕ್ಕೇ ನಾನು ಪ್ರತಿ ತುಂಡಿನ ಜೊತೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲೇಬೇಕೆಂದು ಹಟ ಹಿಡಿಯುವುದು. ಎಲ್ಲಿಯ ಗಣಿ, ಯಾರ ಕೈಯಿಂದ, ಯಾವ ದಿನ, ಎಷ್ಟು ಗ್ರಾಂ. ಇಂಕು ಬೇಡ, ನಮ್ಮ ಮಳೆಗಾಲದ ತೇವಕ್ಕೆ ಹರಡುತ್ತದೆ. ತುಂಡನ್ನು ಬೆಳಕಿಲ್ಲದ ಕಡೆ, ಗಾಳಿಯಾಡದ ಚೀಲದಲ್ಲಿಡಿ. ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಮೈಯೆಲ್ಲ ಬಿರುಕು ಬಿಡುತ್ತದೆ. ಒರಟು ತುಂಡಿನೊಳಗೆ ಏನಿದೆ ಎಂದು ನೋಡಲು ತೇಯಲು ಕೂರಬೇಡಿ. ಮೊದಲು ಗಟ್ಟಿ ಸಕ್ಕರೆ ಪಾಕದಲ್ಲಿ ಮುಳುಗಿಸಿ ನೋಡಿ. ಪಾಕದಲ್ಲೂ ಅಂಬರ್‌ನಲ್ಲೂ ಬೆಳಕು ಬಾಗುವುದು ಹೆಚ್ಚುಕಡಿಮೆ ಒಂದೇ ತರಹ, ಆದ್ದರಿಂದ ಒರಟು ಮೈ ಮಾಯವಾಗಿ ಒಳಗಿನದು ತಾನೇ ಎದ್ದು ಕಾಣುತ್ತದೆ. ಈ ಬಾಲ್ಟಿಕ್ ಇರುವೆಯ ಬೆನ್ನಿಗೆ ಸರಿಯಾಗಿ ಒಂದು ಕಿಟಕಿ ಮಾಡೋಣ ಎಂದು ನಾನು ನೀರು ಸವರಿದ ಮರಳು ಕಾಗದದಲ್ಲಿ ತೇದೆ. 600ರ ಒರಟು ಕಾಗದದಿಂದ 1000ರ ನಯದ್ದಕ್ಕೆ ಹೋಗುವ ಮೊದಲು ಇನ್ನು ನಾಲ್ಕು ಸಲ ತೇದುಬಿಡೋಣ ಎಂದುಕೊಂಡೆ. ಆ ನಾಲ್ಕು ಸಲದಲ್ಲಿ ಎಡ ಮೀಸೆ ಹೋಯಿತು. ಕೋಟ್ಯಂತರ ವರ್ಷ ಉಳಿದದ್ದು ನನ್ನ ಬೆರಳ ತುದಿಯಲ್ಲಿ ಹಳದಿ ಪುಡಿಯಾಗಿ ಅಂಟಿತ್ತು. ಇವತ್ತಿಗೂ ಆ ಡಬ್ಬಿ ತೆರೆದಾಗಲೆಲ್ಲ ಹೊಟ್ಟೆ ಹಿಂಡುತ್ತದೆ.

ಮಕ್ಕಳು ಕೇಳುವ ಪ್ರಶ್ನೆಯೊಂದಿದೆ, ಇದರಿಂದ ಡಿಎನ್ಎ ತೆಗೆದು ಮತ್ತೆ ಹುಟ್ಟಿಸಬಹುದೇ ಎಂದು. 1990ರ ದಶಕದ ಮೊದಲಲ್ಲಿ ಡಿಎನ್ಎ ಸಿಕ್ಕಿತೆಂದು ಕೆಲವರು ಪ್ರಕಟಿಸಿದ್ದರು, ಬೇರೆಯವರು ಮಾಡಿ ನೋಡಿದಾಗ ಸಿಗಲಿಲ್ಲ. 2013ರಲ್ಲಿ ಮ್ಯಾಂಚೆಸ್ಟರ್‌ನವರು ಕೋಪಾಲ್‌ನೊಳಗಿನ ಮುಳ್ಳಿಲ್ಲದ ಜೇನುಗಳಲ್ಲಿ ಹುಡುಕಿದರು. ಹತ್ತು ಸಾವಿರ ವರ್ಷದ್ದಿರಲಿ, ತೀರ ಈಚಿನದರಲ್ಲೂ ನಂಬುವಂಥ ಡಿಎನ್ಎ ಸಿಗಲಿಲ್ಲ. ಅಂಬರ್ ಕೊಡುವುದು ಆಕಾರವನ್ನು ಮಾತ್ರ, ಆದರೆ ಒಂದೊಂದು ರೋಮದವರೆಗೂ ಕೊಡುತ್ತದೆ.

ಇನ್ನು ಒಂದು ಬೇಡಿಕೆ. ಇದನ್ನು ಕೇಳಿ ಯಾರೂ ನಾಳೆ ಕತ್ತಿ ಹಿಡಿದು ಧೂಪದ ಮರಕ್ಕೆ ಹೋಗಬೇಡಿ. ಅಂಟಿಗಾಗಿ ಸೀಳಿ, ಬೆಂಕಿ ಹಾಕಿ ಕೊಂದ ಮರಗಳನ್ನು ಘಟ್ಟದಲ್ಲಿ ಎಷ್ಟೋ ನೋಡಿದ್ದೇವೆ. ಮನೆಯ ಧೂಪದ ಡಬ್ಬಿ ಸುರುವಿ, ಕೆಂಡಕ್ಕೆ ಹಾಕುವ ಮೊದಲು ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಅಜ್ಜಿಯ ಡಬ್ಬಿಯಲ್ಲಿ ನನಗೆ ಸಿಕ್ಕಿದ್ದು ಹಾಗೆಯೇ.

ಈಗ ದೀಪ ಆರಿಸೋಣ. ಅತಿನೇರಳೆ ಟಾರ್ಚ್ ಬಿಡುತ್ತೇನೆ, ಬಾಲ್ಟಿಕ್ ತುಂಡು ನೀಲಿಯಾಗಿ ಹೊಳೆಯುತ್ತದೆ. ಧೂಪದ ತುಂಡು ಹೇಗೆ ಕಾಣುತ್ತದೆ ಎಂದು ನೀವೇ ನೋಡಿ ಹೇಳಿ. ಮಕ್ಕಳು ಮೊದಲು ಬನ್ನಿ. ಟಾರ್ಚ್ ಆರಿಸಿದ ಮೇಲೆ ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು, ತುಂಡನ್ನು ಲೆನ್ಸಿನ ಹತ್ತಿರ ತನ್ನಿ. ಅಂಚಿನಲ್ಲಿ ಮಾತ್ರ ಹಿಡಿಯಿರಿ. ಮೀಸೆ ಒಂದೇ ಇರುವ ಇರುವೆ ಹಳೆಯದು, ಎರಡೂ ಇರುವುದು ನಮ್ಮ ಘಟ್ಟದ್ದು.