ಆ ಜಾಗ ಏಕೆ ಖಾಲಿಯಾಯಿತು?

ಕೇಳುಗರಿಗೆ ನಮಸ್ಕಾರ. ವಿದೇಶದ ಶಾಲೆಯೊಂದರಲ್ಲಿ ಶಿಕ್ಷಕರ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ಆ ಶಾಲೆಯನ್ನು ವಿಚಾರಿಸಿಕೊಳ್ಳುವುದು ಹೇಗೆ ಎಂಬುದೇ ಇವತ್ತಿನ ಮಾತು.

ಬನಶಂಕರಿಯಲ್ಲಿ ನಮ್ಮ ಬೀದಿಯ ತುದಿಗೆ ಎರಡು ಕೋಣೆಗಳ ಒಂದು ಶಿಶುವಿಹಾರವಿದೆ. ಅದರ ಫಲಕದಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಶಾಲೆಯ ಹೆಸರಿಗಿಂತಲೂ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಹಂಗಿಸಲು ಹೇಳುತ್ತಿಲ್ಲ, ಫಲಕದ ಮೇಲಿನ ಆ ಪದದಿಂದ ಶಾಲೆಯ ಬಗ್ಗೆ ಏನೂ ತಿಳಿಯುವುದಿಲ್ಲ, ಇಲ್ಲಿಯೂ ಅಷ್ಟೆ, ಹೊರದೇಶದಲ್ಲಿಯೂ ಅಷ್ಟೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಎಂಟು ವರ್ಷಗಳಿಂದ ಬೆಂಗಳೂರಿನಲ್ಲಿಯೇ ಭೌತವಿಜ್ಞಾನ ಕಲಿಸುತ್ತಿರುವ ಆಕೆ ದುಬೈನ ಎರಡು ಶಾಲೆಗಳ ಜಾಹೀರಾತು ತೋರಿಸಿ, ‘ಸಾರ್, ಯಾವುದಕ್ಕೆ ಅರ್ಜಿ ಹಾಕಲಿ?’ ಎಂದು ಫೋನನ್ನು ನನ್ನ ಮುಂದಿಟ್ಟಳು. ಎರಡರಲ್ಲಿಯೂ ಈಜುಕೊಳವಿತ್ತು, ನಗುವ ಮಕ್ಕಳಿದ್ದರು. ಪಾಠ ಮಾಡುತ್ತಿರುವ ಮೇಷ್ಟ್ರು ಮಾತ್ರ ಎಲ್ಲಿಯೂ ಕಾಣಲಿಲ್ಲ.

ಮೊದಲು ನೋಡಬೇಕಾದದ್ದು ಮಾನ್ಯತೆ, ಅದು ಹತ್ತು ನಿಮಿಷದ ಕೆಲಸ. 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ, ಹಲವು ದೇಶಗಳ ಶಾಲೆಗಳಲ್ಲಿ ತನ್ನದೇ ಪಠ್ಯಕ್ರಮ ನಡೆಸುವ, ನಾವೆಲ್ಲ ಐಬಿ ಎಂದು ಕರೆಯುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಸಂಸ್ಥೆ ತಾನು ಮಾನ್ಯತೆ ಕೊಟ್ಟ ಶಾಲೆಗಳ ಪಟ್ಟಿಯನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ. ಸಿಬಿಎಸ್‌ಇ ಮಂಡಳಿಯ ಪಟ್ಟಿಯಲ್ಲಿಯೂ ವಿದೇಶದ ಶಾಲೆಗಳನ್ನು ಹುಡುಕಬಹುದು. ಶಾಲೆಯೊಂದು ‘ಐಬಿ ಅಭ್ಯರ್ಥಿ ಶಾಲೆ’ ಎಂದು ಹೇಳಿಕೊಂಡಿದ್ದರೆ ಮಾನ್ಯತೆ ಇನ್ನೂ ಕೈಸೇರಿಲ್ಲ ಎಂದರ್ಥ. ಅದು ತಪ್ಪಲ್ಲ, ಆದರೆ ಮಾನ್ಯತೆ ಬರುವವರೆಗಿನ ಕಾಗದಪತ್ರದ ಹೊರೆ ಹೊರುವವರು ಅಲ್ಲಿಯ ಶಿಕ್ಷಕರೇ.

ದುಬೈಗೆ ಹೋಗುವವರಿಗೆ ಒಂದು ವಿಶೇಷ ಅನುಕೂಲವಿದೆ. ಅಲ್ಲಿಯ ಖಾಸಗಿ ಶಾಲೆಗಳ ಉಸ್ತುವಾರಿ ಹೊತ್ತಿರುವ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ ತನ್ನ ತಪಾಸಣಾ ವರದಿಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತ ಬಂದಿದೆ. ಶಾಲೆ ‘ಅತ್ಯುತ್ತಮ’ವೋ ‘ದುರ್ಬಲ’ವೋ ಎಂಬ ದರ್ಜೆಯ ಮೇಲೆ ಪೋಷಕರ ಕಣ್ಣು, ಕೆಲಸಕ್ಕೆ ಹೋಗುವವರು ಓದಬೇಕಾದದ್ದು ಮಾತ್ರ ಆರಂಭದಲ್ಲಿರುವ ಶಾಲಾ ಮಾಹಿತಿಯ ಪುಟವನ್ನು. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ವಿವರಗಳ ಜೊತೆಗೆ, ಶಿಕ್ಷಕರಲ್ಲಿ ಶೇಕಡಾ ಎಷ್ಟು ಮಂದಿ ಶಾಲೆ ಬಿಟ್ಟರು ಎಂಬ ಅಂಕಿಯೂ ಹಲವು ವರದಿಗಳ ಆ ಪುಟದಲ್ಲಿರುತ್ತದೆ. ನಾವಿಬ್ಬರೂ ಕುಳಿತು ಹುಡುಕಿದಾಗ ಒಂದು ಶಾಲೆಯಲ್ಲಿ ಅದು 11 ಇತ್ತು, ಇನ್ನೊಂದರಲ್ಲಿ 38. 38 ಇದ್ದ ಶಾಲೆಯನ್ನು ತೋರಿಸಿ, ‘ಈಜುಕೊಳ ದೊಡ್ಡದಿರುವುದು ಇದರಲ್ಲೇ, ಸಾರ್’ ಎಂದಳು. ಒಂದೇ ವರ್ಷದ ಅಂಕಿ ನೋಡಿ ತೀರ್ಪು ಕೊಡಬಾರದೆಂದು ಹಿಂದಿನ ವರದಿಗಳನ್ನೂ ತೆಗೆದೆವು. ಅಲ್ಲಿಯೂ ಅದೇ ಕಥೆ.

ಇಂಥ ವರದಿ ಸಿಗದ ದೇಶಗಳಲ್ಲಿ ಜಾಹೀರಾತಿನ ತಿಂಗಳೇ ಸಾಕ್ಷಿ. ಕೊಲ್ಲಿ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಬ್ರಿಟಿಷ್ ಮತ್ತು ಐಬಿ ಶಾಲೆಗಳು ಆಗಸ್ಟ್ ಕೊನೆಯ ಸುಮಾರಿಗೆ ಆರಂಭವಾಗುತ್ತವೆ. ಹಾಗಿರುವಾಗ ಐಬಿ ಶಾಲೆಯೊಂದು ನವೆಂಬರ್‌ನಲ್ಲಿ ‘ತಕ್ಷಣ ಸೇರಬೇಕು’ ಎಂದು ಕೇಳಿದರೆ, ಯಾರೋ ನಡುವರ್ಷದಲ್ಲಿ ಎದ್ದು ಹೋಗಿದ್ದಾರೆ. ಹೆರಿಗೆಯೋ ಕಾಯಿಲೆಯೋ ಕಾರಣವಿರಬಹುದು. ಆದರೆ ಅದೇ ಹುದ್ದೆ ವರ್ಷ ವರ್ಷವೂ ಖಾಲಿಯಾಗುತ್ತಿದ್ದರೆ ಕಾರಣ ಬೇರೆಯೇ ಇದೆ.

ಹೆಣ್ಣು ಕೊಡುವ ಮುಂಚೆ ನಮ್ಮ ಹಿರಿಯರು ಗಂಡಿನ ಮನೆಯವರ ಮಾತಷ್ಟನ್ನೇ ನಂಬುತ್ತಿರಲಿಲ್ಲ. ಅದೇ ಬೀದಿಯ ಅಂಗಡಿಯವನನ್ನೂ ವಿಚಾರಿಸುತ್ತಿದ್ದರು. ಶಾಲೆ ಬಿಟ್ಟು ಬಂದ ಇಬ್ಬರನ್ನಾದರೂ ಹಾಗೆಯೇ ವಿಚಾರಿಸಬೇಕು. ಒಬ್ಬರೇ ಆದರೆ ಮುನಿಸಿನ ಮಾತೂ ಇರಬಹುದು. ‘ಶಾಲೆ ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಬರುತ್ತದೆ. ವಾರಕ್ಕೆ ಎಷ್ಟು ಪೀರಿಯಡ್, ಸಂಬಳ ಯಾವ ತಾರೀಕಿಗೆ, ಪಾಸ್‌ಪೋರ್ಟ್ ಯಾರ ಬಳಿ ಇರುತ್ತಿತ್ತು, ಇವನ್ನು ಕೇಳಿ.

ಸಂಬಳದ ವಿಷಯದಲ್ಲಿ ನಾನೇ ಏಮಾರಿದವನು. ಕೊಲ್ಲಿಯ ಒಂದು ಶಾಲೆಯ ಆಫರ್ ಲೆಟರಿನಲ್ಲಿ ತಿಂಗಳಿಗೆ 6000 ದಿರ್ಹಾಮ್ ಎಂದಿದ್ದುದನ್ನು ಕಂಡು ಹಿಗ್ಗಿದೆನೇ ಹೊರತು, ಅದರಲ್ಲಿ ಮೂಲ ವೇತನ 2500, ಉಳಿದದ್ದೆಲ್ಲ ಭತ್ಯೆ ಎಂಬುದನ್ನು ಗಮನಿಸಲಿಲ್ಲ. ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಲ್ಲಿ ಸೇವೆಯ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಸಿಗುತ್ತದೆ, ಆದರೆ ಅದು ಮೂಲ ವೇತನದ ಮೇಲೆ ಮಾತ್ರ. ನಾಲ್ಕು ವರ್ಷ ದುಡಿದು ಹೊರಟಾಗ ನನ್ನ ಕೈಗೆ ಬಂದದ್ದು ಸುಮಾರು 7000. ಅದೇ 6000ದಲ್ಲಿ ಮೂಲ ವೇತನ 4000 ಎಂದು ಬರೆದಿದ್ದರೆ 11,200 ಬರುತ್ತಿತ್ತು. ಶಾಲೆ ಕಾನೂನು ಮುರಿಯಲಿಲ್ಲ, ಪತ್ರವನ್ನು ನಾನು ಸರಿಯಾಗಿ ಓದಲಿಲ್ಲ, ಅಷ್ಟೆ.

ಏಜೆಂಟರ ಮೂಲಕ ಹೋಗುವವರು, ಅವರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ ವಿದ್ಯಾರ್ಥಿನಿಗೆ ನಾನು ಬರೆದುಕೊಟ್ಟದ್ದು ಒಂದೇ ಪ್ರಶ್ನೆ: ‘ಈ ಹುದ್ದೆಯಲ್ಲಿ ಇದ್ದವರು ಈಗ ಎಲ್ಲಿದ್ದಾರೆ?’ ಎರಡೂ ಶಾಲೆಗಳಿಗೆ ಅದನ್ನು ಮಿಂಚಂಚೆಯಲ್ಲಿ ಕಳುಹಿಸಿದಳು. ದೊಡ್ಡ ಈಜುಕೊಳದ ಶಾಲೆಯಿಂದ ಮತ್ತೆ ಅದೇ ಬಣ್ಣದ ಕೈಪಿಡಿ ಬಂತು. ಇನ್ನೊಂದರ ಪ್ರಾಂಶುಪಾಲರು, ಆ ಶಿಕ್ಷಕಿ ಅದೇ ಶಾಲೆಯಲ್ಲಿ ವಿಭಾಗದ ಮುಖ್ಯಸ್ಥೆಯಾಗಿದ್ದಾರೆಂದು ತಿಳಿಸಿ, ಅವರ ಒಪ್ಪಿಗೆ ಪಡೆದು ಫೋನ್ ಸಂಖ್ಯೆಯನ್ನೂ ಕೊಟ್ಟರು. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರಂತೆ, ಅದರಲ್ಲಿ ಅರ್ಧ ಹೊತ್ತು ಬೇಸಿಗೆಯ ಎಸಿ ಬಿಲ್ ಯಾರು ಕಟ್ಟುತ್ತಾರೆ ಎಂಬುದರ ಬಗ್ಗೆಯೇ. ಮೊನ್ನೆ ಸೋಮವಾರ ಅರ್ಜಿ ಹಾಕಿದ್ದಾಳೆ.

ನಮಸ್ಕಾರ.