ಹಳದಿ ರೆಕ್ಕೆಯ ಯುದ್ಧವಿಮಾನ

ಕೇಳುಗರೆಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವುದು ಆರೇ ನಿಮಿಷ. ನಾನು ಹೇಳುವುದೂ ಒಂದೇ ಮಾತು. ಅದನ್ನೇ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಫೋಟೋವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹವಾಯಿ ದ್ವೀಪಗಳಲ್ಲಿ ವೀಲರ್ ಫೀಲ್ಡ್ ಅಂತ ಅಮೆರಿಕದ ಸೇನೆಯ ವಿಮಾನ ನಿಲ್ದಾಣ. 1930ರ ದಶಕದ ಕೊನೆ. ಎರಡನೇ ಮಹಾಯುದ್ಧ ಇನ್ನೂ ಆ ಕಡೆ ಬಂದಿಲ್ಲ. ಪಿ-26 ಅನ್ನುವ ಪುಟ್ಟ ಯುದ್ಧವಿಮಾನ ನಿಂತಿದೆ. ಯುದ್ಧವಿಮಾನ ಅಂದ ಕೂಡಲೇ ನಿಮ್ಮ ಮನಸ್ಸಿಗೆ ಬೂದು ಬಣ್ಣ ಬಂತು, ಅಲ್ವಾ? ತಪ್ಪು. ಅದರ ಮೈ ನೀಲಿ. ರೆಕ್ಕೆ ಅರಿಶಿನದಂಥ ಹಳದಿ. ಬಾಲದಲ್ಲಿ ಕೆಂಪು ಬಿಳಿ ಪಟ್ಟೆ. ಜಾತ್ರೆಯಲ್ಲಿ ಮಾರುವ ತಗಡಿನ ಆಟಿಕೆ ಹಾಗೆ! ವಿಮಾನ ಎಲ್ಲಾದರೂ ಬಿದ್ದರೆ ಹುಡುಕಲು ಸುಲಭ ಆಗಲಿ ಅಂತ ಆ ಹಳದಿ. ಯುದ್ಧ ಹತ್ತಿರ ಬಂದ ಹಾಗೆ ಈಗ ಕಾಣದಿದ್ದರೇ ಒಳ್ಳೆಯದು ಅಂತ ಮಂಕು ಬಣ್ಣ ಬಳಿದರು. ಹಳದಿ ಹೋಯಿತು.

ಹವಾಯಿ, ಫಿಲಿಪೀನ್ಸ್ ಕಡೆ ಕೆಲಸಕ್ಕೆ ಹೋದ ಅಮೆರಿಕದ ಸಿಪಾಯಿಗಳು ಇಂಥ ಚಿತ್ರಗಳನ್ನು ಸ್ವಂತಕ್ಕೆ ಅಂತ ತೆಗೆದುಕೊಂಡರು. ಕವಾಯತು, ಬ್ಯಾರಕ್ಕು, ರಜೆಯ ದಿನದ ಸಮುದ್ರ. ಊರಿಗೆ ಬಂದ ಮೇಲೆ ಸ್ಲೈಡಿನ, ಅಂದರೆ ಬೆಳಕಿಗೆ ಹಿಡಿದು ನೋಡುವ ಫಿಲ್ಮಿನ ತುಂಡುಗಳ ಡಬ್ಬಿ ಅಟ್ಟ ಸೇರಿತು. ಅಜ್ಜ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವ ಮೊಮ್ಮಕ್ಕಳ ಕೈಗೆ ಸಿಗುತ್ತದೆ. ಕಿಟಕಿ ಬೆಳಕಿಗೆ ಹಿಡಿದರೆ ನಿನ್ನೆ ತೆಗೆದಂತಿದೆ! ಇಂಥ ಚಿತ್ರ ತೋರಿಸಿದಾಗೆಲ್ಲ ನನಗೆ ಒಂದೇ ಪ್ರಶ್ನೆ: "ಸಾರ್, ಕಪ್ಪು ಬಿಳುಪು ಫೋಟೋಗೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿದ್ದಾ?"

ಅಲ್ಲಪ್ಪ, ಅಲ್ಲ. ಇದು ಬಳಿದ ಬಣ್ಣ ಅಲ್ಲ, ಬಿದ್ದ ಬಣ್ಣ. ಆ ದಿನದ ಬಿಸಿಲು ಆ ರೆಕ್ಕೆಗೆ ತಾಗಿ, ಅಲ್ಲಿಂದ ಬಂದು ಈ ಫಿಲ್ಮಿನ ಮೇಲೆ ಬಿತ್ತು. ಇದೇ ನನ್ನ ಒಂದು ಮಾತು.

ಆ ಫಿಲ್ಮಿನ ಹೆಸರು ಕೊಡಾಕ್ರೋಮ್. ಅದನ್ನು ಮಾಡಿದವರು ಯಾರು ಗೊತ್ತಾ? ಸಂಗೀತಗಾರರು. ಒಬ್ಬ ಲಿಯೋಪೋಲ್ಡ್ ಮ್ಯಾನಸ್, ಪಿಯಾನೋ ನುಡಿಸುವವನು. ಇನ್ನೊಬ್ಬ ಲಿಯೋಪೋಲ್ಡ್ ಗೊಡೌಸ್ಕಿ, ಪಿಟೀಲು. ಇಬ್ಬರೂ ಶಾಲೆಯ ಸ್ನೇಹಿತರು. 1917ರಲ್ಲಿ ಇಬ್ಬರೂ ಒಂದು ಸಿನಿಮಾಕ್ಕೆ ಹೋದರು. ಅಮೆರಿಕದ ನೌಕಾಪಡೆಯ ಮೇಲೆ ತೆಗೆದ ಬಣ್ಣದ ಚಿತ್ರ, ಅಂತ ಜಾಹೀರಾತು. ಬಣ್ಣ ನೋಡಿದರೆ ಕೆಟ್ಟದಾಗಿತ್ತು. ನಾವಾಗಿದ್ದರೆ ದುಡ್ಡು ಹೋಯಿತು ಅಂತ ಬೈದುಕೊಂಡು ಮನೆಗೆ ಬರುತ್ತಿದ್ದೆವು. ಈ ಹುಡುಗರು, ನಾವೇ ಮಾಡೋಣ ಅಂತ ಹೊರಟರು. ಮನೆಯ ಅಡುಗೆಮನೆ, ಬಚ್ಚಲುಮನೆಯಲ್ಲೇ ಪ್ರಯೋಗ. ಸಂಗೀತ ಕಚೇರಿ ಕೊಟ್ಟುಕೊಂಡು, ಪಾಠ ಹೇಳಿಕೊಂಡು, ಉಳಿದ ಹೊತ್ತಲ್ಲಿ ರಸಾಯನ. 1930ರಲ್ಲಿ ಫಿಲ್ಮು ಮಾಡುವ ಕೊಡಾಕ್ ಕಂಪನಿಯೇ ಇಬ್ಬರನ್ನೂ ಕರೆಸಿಕೊಂಡಿತು.

ಇಲ್ಲಿ ಕೇಳಿ. ಫಿಲ್ಮನ್ನು ತೊಳೆಯುವುದು, ಅಂದರೆ ಔಷಧದಲ್ಲಿ ಅದ್ದಿ ಚಿತ್ರ ಮೂಡಿಸುವುದು, ಕಗ್ಗತ್ತಲಲ್ಲಿ. ಗಡಿಯಾರದ ಮುಳ್ಳಿನ ಮಿಣುಕು ಬೆಳಕೂ ಬೀಳುವ ಹಾಗಿಲ್ಲ. ಆದರೆ ಸೆಕೆಂಡು ಲೆಕ್ಕ ತಪ್ಪಬಾರದು. ಏನು ಮಾಡಿದರು? ಶಿಳ್ಳೆ ಹಾಕಿದರು! ಬ್ರಾಮ್ಸ್ ಎಂಬ ವಾಗ್ಗೇಯಕಾರನ ಒಂದು ಸಿಂಫನಿಯ ಕೊನೆಯ ಭಾಗವನ್ನು ಸೆಕೆಂಡಿಗೆ ಸರಿಯಾಗಿ ಎರಡು ಪೆಟ್ಟಿನಂತೆ ಶಿಳ್ಳೆಯಲ್ಲಿ ನುಡಿಸುತ್ತಾ ಹೊತ್ತು ಅಳೆದರು. ದೊಡ್ಡ ದೊಡ್ಡ ವಿಜ್ಞಾನಿಗಳಿರುವ ಲ್ಯಾಬು, ಕತ್ತಲೆ ಕೋಣೆಯಿಂದ ಶಿಳ್ಳೆ! ನಮ್ಮ ಮೃದಂಗದ ಮೇಷ್ಟ್ರಿಗೆ ಈ ಕತೆ ಹೇಳಿದೆ. "ಅದಕ್ಯಾಕೆ ಶಿಳ್ಳೆ? ಆದಿತಾಳ ಹಾಕ್ಕೊಂಡಿದ್ರೆ ಸಾಕಿತ್ತಲ್ಲ" ಅಂದರು. ಕೈ ಎರಡೂ ಔಷಧದ ತೊಟ್ಟಿಯಲ್ಲಿತ್ತು ಮೇಷ್ಟ್ರೇ, ತಾಳ ಹಾಕುವುದು ಹೇಗೆ? ಕೊಡಾಕಿನವರು ಇವರ ಹೆಸರಿನ ಮೊದಲ ತುಂಡು ಹಿಡಿದು "ಗಾಡ್ ಅಂಡ್ ಮ್ಯಾನ್" ಅಂತ ತಮಾಷೆ ಮಾಡುತ್ತಿದ್ದರಂತೆ. ದೇವರೂ ಮನುಷ್ಯನೂ ಸೇರಿ ಮಾಡಿದ ಫಿಲ್ಮು.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಕೊಡಾಕ್ರೋಮ್ 1935ರಲ್ಲಿ ಸಿನಿಮಾ ಕ್ಯಾಮೆರಾಕ್ಕೆ ಬಂತು, 1936ರಲ್ಲಿ ಫೋಟೋ ತೆಗೆಯುವ ಸ್ಟಿಲ್ ಕ್ಯಾಮೆರಾಕ್ಕೆ. 18 ಚಿತ್ರದ ಒಂದು ರೋಲಿಗೆ, ತೊಳೆಯುವ ಖರ್ಚೂ ಸೇರಿ ಮೂರೂವರೆ ಡಾಲರು. ಅಮೆರಿಕದ ಸಾಮಾನ್ಯ ಸಿಪಾಯಿಯ ಸಂಬಳ ಆಗ ತಿಂಗಳಿಗೆ 21 ಡಾಲರು. ಸಂಬಳದ ಆರರಲ್ಲಿ ಒಂದು ಪಾಲು ಒಂದೇ ರೋಲಿಗೆ! ಸುಮ್ನೆ ಕ್ಲಿಕ್ಕಿಸುವ ಮಾತೇ ಇಲ್ಲ. 1938ರಲ್ಲಿ ತೊಳೆಯುವ ವಿಧಾನ ಸುಧಾರಿಸಿದರು. ಅಲ್ಲಿಂದಾಚೆಯ ಸ್ಲೈಡು ಕತ್ತಲಲ್ಲಿದ್ದರೆ ಮಾಸುವುದೇ ಇಲ್ಲ ಅನ್ನಿ. ಡಬ್ಬಿಯಲ್ಲಿ ಮರೆತದ್ದೇ ಅದನ್ನು ಉಳಿಸಿತು. ದಿನಾ ಪ್ರೊಜೆಕ್ಟರಿಗೆ ಹಾಕಿ ನೋಡಿದ್ದರೆ ಬಣ್ಣ ಇಳಿದುಹೋಗುತ್ತಿತ್ತು.

ಈ ಫಿಲ್ಮಿಗೆ ಬಿಸಿಲು ಜಾಸ್ತಿ ಬೇಕು. ಅದಕ್ಕೇ ಆ ಚಿತ್ರಗಳಲ್ಲಿ ಯಾವಾಗಲೂ ಹಾಡುಹಗಲು, ಹುಡುಗರೆಲ್ಲ ಕಣ್ಣು ಕಿರಿದು ಮಾಡಿ ನಿಂತಿರುತ್ತಾರೆ. ಎಂಥಾ ಸುಖದ ಜೀವನ ಅನ್ನಿಸುತ್ತದೆ. ರಾತ್ರಿ ಪಹರೆಯೂ ಇತ್ತು. ಫಿಲ್ಮಿಗೆ ಕಾಣಲಿಲ್ಲ, ಅಷ್ಟೆ.

ಇನ್ನೊಂದು. ಆಗಿನ ಅಮೆರಿಕದ ಯುದ್ಧವಿಮಾನದ ಗುರುತಾದ ಬಿಳಿ ನಕ್ಷತ್ರದ ನಡುವೆ ಕೆಂಪು ಬೊಟ್ಟು ಇತ್ತು. ಜಪಾನಿನ ಕೆಂಪು ಸೂರ್ಯ ಅಂತ ತಪ್ಪು ತಿಳಿದು ತಮ್ಮವರೇ ಗುಂಡು ಹೊಡೆದಾರು ಅಂತ 1942ರ ಮೇ ತಿಂಗಳಲ್ಲಿ ತೆಗೆದರು. ಕಪ್ಪು ಬಿಳುಪಿನಲ್ಲಿ ಅದು ಬರೀ ಕರಿ ಚುಕ್ಕೆ. ಆ ಚುಕ್ಕೆಗೆ ಕಂಪ್ಯೂಟರು ಯಾವ ಬಣ್ಣ ಹಾಕೀತು? ತನಗೆ ತೋಚಿದ್ದು. ಹಳದಿ ರೆಕ್ಕೆಗೆ? ಬೂದು. ಬಳಿದ ಬಣ್ಣ ಊಹೆ, ಬಿದ್ದ ಬಣ್ಣ ಸಾಕ್ಷಿ. ಇದನ್ನು ಎಷ್ಟು ಸಲ ಹೇಳಲಿ!

ಕೊನೆಯದಾಗಿ, ಕೊಡಾಕ್ರೋಮ್ ತೊಳೆಯುವ ಕಟ್ಟಕಡೆಯ ಲ್ಯಾಬು ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಊರಲ್ಲಿತ್ತು. 2010ರ ಡಿಸೆಂಬರ್ 30ಕ್ಕೆ ಅಲ್ಲೂ ರೋಲು ತೆಗೆದುಕೊಳ್ಳುವುದು ನಿಂತಿತು. ಯಾವುದೋ ಅಟ್ಟದಲ್ಲಿ, ತೆಗೆದು ತೊಳೆಸದೇ ಬಿಟ್ಟ ರೋಲು ಇವತ್ತು ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ತೊಳೆಸಿದರೆ ಕಪ್ಪು ಬಿಳುಪಿನಲ್ಲಿ ಬರುತ್ತದೆ. ಹಳದಿ ರೆಕ್ಕೆ ಅದರೊಳಗೇ ಇದೆ, ಹೊರಗೆ ಬರುವುದಿಲ್ಲ.

ನಮಸ್ಕಾರ.