ಮರಳಿ ಬಂದ ಭಯ

ಕೇಳುಗರಿಗೆ ನಮಸ್ಕಾರ.

ಜಾನ್ ಕಾರ್ಪೆಂಟರ್ 1978ರಲ್ಲಿ ನಿರ್ದೇಶಿಸಿದ ‘ಹ್ಯಾಲೋವೀನ್’ ಚಿತ್ರದ ಕೊನೆಯಲ್ಲಿ, ಗುಂಡೇಟು ತಿಂದ ಮುಖವಾಡದ ಕೊಲೆಗಾರ ಮೈಕೆಲ್ ಮಹಡಿಯಿಂದ ಹುಲ್ಲುಹಾಸಿನ ಮೇಲೆ ಬೀಳುತ್ತಾನೆ. ಅವನಿಗೆ ಗುಂಡು ಹೊಡೆದ ವೈದ್ಯ ಮತ್ತೆ ಬಂದು ಇಣುಕಿ ನೋಡುವ ಹೊತ್ತಿಗೆ ಅಲ್ಲಿ ಹುಲ್ಲು ಮಾತ್ರ ಉಳಿದಿರುತ್ತದೆ. ನಲವತ್ತು ವರ್ಷಗಳ ಬಳಿಕ, 2018ರಲ್ಲಿ, ಡೇವಿಡ್ ಗಾರ್ಡನ್ ಗ್ರೀನ್ ಅದೇ ಹೆಸರಿನ ಚಿತ್ರ ಮಾಡಿದಾಗ ಈ ದೃಶ್ಯವನ್ನು ತಿರುಗಿಸಿಟ್ಟರು. ಈ ಸಲ ಕೆಳಗೆ ಬೀಳುವವಳು ಮೊದಲ ಚಿತ್ರದಲ್ಲಿ ಅವನಿಂದ ಪಾರಾಗಿದ್ದ ಲಾರಿ ಎಂಬಾಕೆ, ಮೇಲಿನಿಂದ ನೋಡುವವನು ಮೈಕೆಲ್. ಅವನು ಕ್ಷಣಕಾಲ ಮುಖ ತಿರುಗಿಸಿ ಮತ್ತೆ ನೋಡಿದರೆ ನೆಲ ಬರಿದಾಗಿದೆ. ಅಂದು ಬೇಟೆಯಾಗಿದ್ದವಳು ಇಂದು ಬೇಟೆಗೆ ನಿಂತಿದ್ದಾಳೆ ಎಂಬುದು ಒಂದು ಮಾತೂ ಇಲ್ಲದೆ ನೋಡುಗರಿಗೆ ತಿಳಿದುಬಿಡುತ್ತದೆ.

ಜನ ಮೆಚ್ಚಿದ ಹಾರರ್ ಸರಣಿಗಳನ್ನು ಮತ್ತೆ ತೆರೆಗೆ ತರಬೇಕೇ, ಬಿಡಬೇಕೇ ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಬಿಸಿಯೇರಿದೆ. ಹಳೆಯ ಹೆಸರನ್ನು ಮಾರಿ ಹಣ ಮಾಡುವ ದಾರಿ ಇದು ಎಂದು ಕೆಲವರು ಸಿಟ್ಟಾಗುತ್ತಾರೆ. ತಮ್ಮ ಎಳೆಯ ದಿನಗಳ ಭಯವನ್ನು ಹೊಸ ತಲೆಮಾರೂ ಅನುಭವಿಸಲಿ ಎಂದು ಇನ್ನು ಕೆಲವರು ಆಸೆಪಡುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಪ್ರತಿ ಚಿತ್ರಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ ಎಂದು ನನಗೆ ಅನಿಸುತ್ತದೆ: ಇದು ಮರಳಿ ತರುತ್ತಿರುವುದು ಆ ಭಯವನ್ನೋ, ಹಿಂದೊಮ್ಮೆ ಭಯಪಟ್ಟಿದ್ದೆವೆಂಬ ನೆನಪನ್ನೋ?

ಮೈಕೆಲ್ ಏಕೆ ಕೊಲ್ಲುತ್ತಾನೆ ಎಂಬುದಕ್ಕೆ ಮೊದಲ ಚಿತ್ರದಲ್ಲಿ ಉತ್ತರವೇ ಇಲ್ಲ, ಅದರ ಭಯವೆಲ್ಲ ಅಲ್ಲಿಯೇ ಇದೆ. ಲಾರಿ ಅವನ ತಂಗಿ ಎಂಬ ಕಾರಣವನ್ನು 1981ರ ಎರಡನೆಯ ಭಾಗ ತಂದು ಜೋಡಿಸಿತು. ಗ್ರೀನ್ ಆ ಕಾರಣವನ್ನೂ ನಡುವಿನ ಎಲ್ಲ ಭಾಗಗಳನ್ನೂ ಬದಿಗಿಟ್ಟು, ನೇರವಾಗಿ 1978ಕ್ಕೆ ಕತೆಯನ್ನು ಬೆಸೆದರು. ಅದು ಧೈರ್ಯದ ಕೆಲಸ, ಸರಿಯಾದ ಕೆಲಸವೂ ಹೌದು. ಬೇಸರದ ಸಂಗತಿಯೆಂದರೆ, 2021 ಮತ್ತು 2022ರಲ್ಲಿ ಬಂದ ಮುಂದಿನ ಭಾಗಗಳು ಕೆಡುಕು ಎಂದರೇನು ಎಂಬುದನ್ನು ಪಾತ್ರಗಳ ಬಾಯಲ್ಲಿ ವಿವರಿಸತೊಡಗಿದವು. ವಿವರಣೆ ಹೆಚ್ಚಿದಷ್ಟೂ ಭಯ ಕರಗಿತು.

ಅದೇ ನಿರ್ದೇಶಕರು 2023ರಲ್ಲಿ ‘ದಿ ಎಕ್ಸಾರ್ಸಿಸ್ಟ್: ಬಿಲೀವರ್’ ಮಾಡಿದರು. ದೆವ್ವ ಹಿಡಿದ ಹುಡುಗಿಯೊಬ್ಬಳ ಕತೆಯಾದ 1973ರ ಮೂಲ ಚಿತ್ರವನ್ನು ಮನಸ್ಸಿಟ್ಟು ನೋಡಿದವರಿಗೆ ಅದರ ತಾಳ್ಮೆ ನೆನಪಿರುತ್ತದೆ. ಪಾದ್ರಿಗಳು ಮಂತ್ರಜಲ ಹಿಡಿದು ಬರುವುದಕ್ಕೆ ಬಹಳ ಮೊದಲೇ ಆಸ್ಪತ್ರೆ ಬರುತ್ತದೆ; ಆ ಪುಟ್ಟ ಹುಡುಗಿಯ ಕತ್ತಿಗೆ ಸೂಜಿ ಚುಚ್ಚಿದಾಗ ರಕ್ತ ಚಿಮ್ಮುತ್ತದೆ, ಯಂತ್ರ ಗಡಗಡ ಸದ್ದು ಮಾಡುತ್ತದೆ, ತಾಯಿ ಅಸಹಾಯಕಳಾಗಿ ನಿಂತಿರುತ್ತಾಳೆ. ವೈದ್ಯವಿಜ್ಞಾನದ ಒಂದೊಂದು ಬಾಗಿಲೂ ಮುಚ್ಚಿದ ಮೇಲೆಯೇ ಆ ತಾಯಿ ದೇವರ ಕಡೆ ತಿರುಗುತ್ತಾಳೆ. ಹಾಗಾಗಿ ನಂಬದವರೂ ಅವಳೊಡನೆ ಆ ಮೆಟ್ಟಿಲು ಹತ್ತುತ್ತಾರೆ. ಹೊಸ ಚಿತ್ರದಲ್ಲಿ ಪೀಡಿತ ಹುಡುಗಿಯರು ಇಬ್ಬರು, ಅವರನ್ನು ಬಿಡಿಸಲು ಬರುವ ಮತಪಂಥಗಳೂ ಹಲವು, ಆದರೆ ಯಾರ ಸಂಶಯಕ್ಕೂ ಬೆಳೆಯಲು ಬಿಡುವಿಲ್ಲ. ಅಂದು ತಾಯಿಯಾಗಿದ್ದ ಎಲೆನ್ ಬರ್ಸ್ಟಿನ್ ಐವತ್ತು ವರ್ಷಗಳ ನಂತರ ಅದೇ ಪಾತ್ರಕ್ಕೆ ಮರಳಿದರು, ಚಿತ್ರವೋ ಆ ಪಾತ್ರದ ಕಣ್ಣುಗಳನ್ನು ಚುಚ್ಚಿ ಹಾಸಿಗೆಗೆ ಸೇರಿಸಿತು. ಅಂಥ ಕಲಾವಿದೆಯನ್ನು ಕರೆತಂದು ಅಷ್ಟಕ್ಕೇ ಬಿಟ್ಟದ್ದು ನನಗೆ ಈಗಲೂ ನೋವಿನ ವಿಷಯ. ಮೂರು ಭಾಗಗಳ ಯೋಜನೆ ಈ ಒಂದಕ್ಕೇ ನಿಂತುಹೋಯಿತು.

ಡ್ಯಾನಿ ಬಾಯ್ಲ್ ಹಿಡಿದ ದಾರಿ ಬೇರೆ. 2002ರ ‘28 ಡೇಸ್ ಲೇಟರ್’ ಚಿತ್ರವನ್ನು ಅವರು ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲಿ ತೆಗೆದಿದ್ದರು. ಅದರ ಒರಟು, ಮಸುಕು ಬಿಂಬಗಳಿಂದಾಗಿ ಸೋಂಕು ಹಬ್ಬಿ ನಿರ್ಜನವಾದ ಲಂಡನ್ನಿನ ದೃಶ್ಯಗಳು ಯಾರೋ ಕಣ್ಣಾರೆ ಕಂಡು ಹಿಡಿದಿಟ್ಟಂತೆ ತೋರುತ್ತಿದ್ದವು. 2025ರ ‘28 ಇಯರ್ಸ್ ಲೇಟರ್’ನಲ್ಲಿ ಆ ಮಸುಕನ್ನು ನಕಲು ಮಾಡದೆ, ಇಂದು ಎಲ್ಲರ ಕೈಯಲ್ಲೂ ಇರುವ ಕ್ಯಾಮೆರಾ ಯಾವುದೆಂದು ಯೋಚಿಸಿ, ಬಹಳಷ್ಟು ದೃಶ್ಯಗಳನ್ನು ಐಫೋನಿನಲ್ಲಿ ತೆಗೆದರು.

ಇನ್ನು ಈ ಚರ್ಚೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಎರಡು ಮುಖಗಳ ಬಗ್ಗೆ ಹೇಳಬೇಕು. 1979ರ ‘ಏಲಿಯನ್’ ಚಿತ್ರದಲ್ಲಿ ಯಂತ್ರಮಾನವನಾಗಿ ನಟಿಸಿದ್ದ ಇಯಾನ್ ಹೋಮ್ 2020ರಲ್ಲಿ ತೀರಿಕೊಂಡರು. ಫೆಡೆ ಅಲ್ವಾರೆಜ್ ನಿರ್ದೇಶಿಸಿದ 2024ರ ‘ಏಲಿಯನ್: ರೊಮ್ಯುಲಸ್’ನಲ್ಲಿ ಅವರ ಮುಖವನ್ನು ಯಾಂತ್ರಿಕ ಬೊಂಬೆ ಹಾಗೂ ಕಂಪ್ಯೂಟರ್ ನೆರವಿನಿಂದ ಕಟ್ಟಿ, ಬೇರೊಬ್ಬ ನಟನ ದನಿ ಕೊಟ್ಟರು. ಕುಟುಂಬದ ಒಪ್ಪಿಗೆ ಇತ್ತು, ಗೌರವದ ಉದ್ದೇಶವೂ ಇತ್ತು. ಆದರೂ ತುಟಿಯ ಚಲನೆ ಮಾತಿಗೆ ಹೊಂದದಿದ್ದಾಗ, ಕಣ್ಣು ಎಲ್ಲಿಯೂ ನೆಲೆಗೊಳ್ಳದಿದ್ದಾಗ, ನಾನು ಕತೆಯಿಂದ ಹೊರಬಿದ್ದೆ. ಹಲವು ನೋಡುಗರೂ ಇದನ್ನೇ ದೂರಿದರು. ಮನೆಯಲ್ಲಿ ನೋಡುವ ಆವೃತ್ತಿಗೆ ನಿರ್ದೇಶಕರು ಆ ದೃಶ್ಯಗಳನ್ನು ತಿದ್ದಿ, ಬೊಂಬೆಯನ್ನೇ ಹೆಚ್ಚು ಬಳಸಿದರು.

ಇನ್ನೊಂದು ಮುಖ ಟೋನಿ ಟಾಡ್ ಅವರದು. ‘ಫೈನಲ್ ಡೆಸ್ಟಿನೇಷನ್’ ಸರಣಿಯಲ್ಲಿ ಸಾವಿನ ನಿಯಮಗಳನ್ನು ತಿಳಿಸುತ್ತ ಬಂದ, ಆಳವಾದ ದನಿಯ ಆ ನಟ, 2025ರ ‘ಬ್ಲಡ್‌ಲೈನ್ಸ್’ ಚಿತ್ರೀಕರಣದ ಹೊತ್ತಿಗೆ ಕಾಯಿಲೆಯಿಂದ ಬಹಳ ಕೃಶರಾಗಿದ್ದರು. ಚಿತ್ರ ಆ ಕೃಶತೆಯನ್ನು ಬಚ್ಚಿಡಲಿಲ್ಲ. ಪಾತ್ರದ ಕೊನೆಯ ಮಾತುಗಳನ್ನು ತಮಗೆ ತೋಚಿದಂತೆ ಹೇಳಲು ನಿರ್ದೇಶಕರು ಅವರಿಗೇ ಬಿಟ್ಟುಕೊಟ್ಟರು. ಮುಂದೆ ಏನು ಕಾದಿದೆಯೋ ಯಾರಿಗೂ ತಿಳಿಯದು, ಬದುಕು ಅಮೂಲ್ಯ, ಇರುವ ಗಳಿಗೆಯನ್ನು ಸವಿಯಿರಿ ಎಂಬರ್ಥದ ಕೆಲವೇ ಮಾತು ಹೇಳಿ, ಒಳಿತು ಹಾರೈಸಿ ಅವರು ಹೊರನಡೆಯುತ್ತಾರೆ. ಚಿತ್ರ ತೆರೆಕಾಣುವ ಕೆಲವು ತಿಂಗಳ ಮುನ್ನ, 2024ರ ನವೆಂಬರಿನಲ್ಲಿ, ಅವರು ನಿಧನರಾದರು. ಸಾವಿನಿಂದ ಯಾರೂ ತಪ್ಪಿಸಿಕೊಳ್ಳಲಾರರು ಎಂಬ ಮಾತನ್ನು ಈ ಸರಣಿ 2000ದಿಂದ ಹೇಳುತ್ತಲೇ ಬಂದಿತ್ತು. ಅದು ಕತೆಯ ಮಾತಲ್ಲ ಎಂದು ನನಗೆ ಅನಿಸಿದ್ದು ಅವರು ತಣ್ಣನೆಯ ದನಿಯಲ್ಲಿ ವಿದಾಯ ಹೇಳಿ ಬಾಗಿಲು ದಾಟಿದಾಗ.

ನಮಸ್ಕಾರ.